ಕಾತ್ರಜ ಘಾಟ ಇಳಿದ ಹೋಳಿಗೆ

ಮರಾಠಿಯಲ್ಲಿ ಯಾರಿಗಾದರೂ ‘ಕಾತ್ರಜಚಾ ಘಾಟ ದಾಖವಿಲಾ’ ಎಂದರೆ ಅವರಿಗೆ ಚೆನ್ನಾಗಿ ಟೋಪಿ ಹಾಕಿದರು ಎಂದರ್ಥ. ಪದಕ್ಕೆ ಪದ ಇಟ್ಟರೆ ‘ಕಾತ್ರಜದ ಘಟ್ಟ ತೋರಿಸಿದರು’. 1663ರ ಏಪ್ರಿಲಿನಲ್ಲಿ ಶಿವಾಜಿ ಪುಣೆಯ ಲಾಲ್ ಮಹಲಿನಲ್ಲಿ ಬೀಡುಬಿಟ್ಟಿದ್ದ ಶಾಯಿಸ್ತಾಖಾನನ ಮೇಲೆ ರಾತ್ರಿ ಹೊತ್ತು ಬಿದ್ದು, ಗದ್ದಲದಲ್ಲಿ ತಪ್ಪಿಸಿಕೊಂಡು ಹೊರಟ. ಅದೇ ಹೊತ್ತಿಗೆ ಅವನ ಜನ ಎತ್ತುಗಳ ಕೋಡಿಗೆ ಪಂಜು ಕಟ್ಟಿ ಕಾತ್ರಜ ಘಟ್ಟದ ಕಡೆ ಅಟ್ಟಿದರಂತೆ. ಮೊಗಲರ ದಂಡು ಆ ಬೆಳಕಿನ ಬೆನ್ನು ಹತ್ತಿತು, ಶಿವಾಜಿ ಬೇರೆ ದಾರಿ ಹಿಡಿದು ಗಡ ಸೇರಿದ. ದಾಳಿ ಇತಿಹಾಸ, ಕೋಡಿನ ಪಂಜು ಐತಿಹ್ಯ. ಮಾತು ಮಾತ್ರ ಭದ್ರವಾಗಿ ಉಳಿದಿದೆ, ಈಗಲೂ ಪುಣೆಯ ಪತ್ರಿಕೆಗಳು ರಾಜಕಾರಣಿಗಳ ಬಗ್ಗೆ ಬರೆಯುವಾಗ ಅದನ್ನು ಬಳಸುತ್ತವೆ.

ಹಬ್ಬದ ದಿನ ಕಾತ್ರಜದ ಕನ್ನಡ ಮನೆಗಳಲ್ಲಿ ‘ನಮ್ಮ ಮನೆತನದ ಊಟ’ ಯಾವುದು ಎಂದು ಹುಡುಕಿ ಹೊರಟವರಿಗೂ ಇಂಥದೇ ಒಂದು ಘಟ್ಟ ಎದುರಾಗುತ್ತದೆ.

ಕಾತ್ರಜ ಇರುವುದು ಪುಣೆಯ ದಕ್ಷಿಣದ ಅಂಚಿನಲ್ಲಿ. ಪೇಶ್ವೆ ನಾನಾಸಾಹೇಬನ ಕಾಲದಲ್ಲಿ, 18ನೇ ಶತಮಾನದ ನಡುವಿನಲ್ಲಿ, ಇಲ್ಲಿ ಕೆರೆ ಕಟ್ಟಿಸಿ ನೆಲದಡಿಯ ಕಲ್ಲುಗಾಲುವೆಯಲ್ಲಿ ಪೇಟೆಯ ಹೌದುಗಳಿಗೂ ಶನಿವಾರವಾಡೆಗೂ ನೀರು ಒಯ್ದರು. ಇಂದಿನ ಪುಣೇಕರರಿಗೆ ಕಾತ್ರಜ ಎಂದರೆ ಮೊದಲು ನೆನಪಾಗುವುದು ಹಾಲು. 1960ರಲ್ಲಿ ಶುರುವಾದ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘದ ಡೇರಿ ಇಲ್ಲೇ ಇರುವುದರಿಂದ ಹಾಲಿನ ಪಾಕೀಟಿಗೇ ಊರ ಹೆಸರು ಬಂದುಬಿಟ್ಟಿದೆ. ಆಮೇಲೆ ಹಾವಿನ ಉದ್ಯಾನ, ಮೃಗಾಲಯ, ಕಾಲೇಜುಗಳು, ಮುಗಿಯದ ಟ್ರಾಫಿಕ್ಕು. 1997ರಲ್ಲಿ ಊರು ಮಹಾನಗರಪಾಲಿಕೆಗೆ ಸೇರಿತು. ಆದರೆ ಕನ್ನಡಿಗರ ಕಡೆಯಿಂದ ನೋಡಿದರೆ ಕಾತ್ರಜ ಮೊದಲಿನಿಂದಲೂ ಒಂದು ಬಾಗಿಲು. ಬೆಂಗಳೂರು, ಧಾರವಾಡ, ಬೆಳಗಾವಿ, ಕೊಲ್ಹಾಪುರ, ಸಾತಾರಾ ಹಾದು ಬಂದ ಹೆದ್ದಾರಿ ಘಟ್ಟ ಇಳಿದು ಪುಣೆ ಹೊಕ್ಕುತ್ತಿದ್ದುದು ಇಲ್ಲಿ. ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ಕಣ್ಣುಜ್ಜಿಕೊಂಡು ‘ಬಂತು’ ಎನ್ನುತ್ತಿದ್ದ ಜಾಗ.

ಬಂದವರು ಒಂದೇ ಬಗೆಯ ಜನರಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಧಾರವಾಡದ ಹುಡುಗನಿಗೆ ಬೆಂಗಳೂರಿಗಿಂತ ಪುಣೆ ಹತ್ತಿರದ ಊರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಬಿ.ಎ. ಓದಬೇಕೆಂದರೆ ಫರ್ಗ್ಯುಸನ್ನೋ ಡೆಕ್ಕನ್ ಕಾಲೇಜೋ ದಾರಿ. ಬೇಂದ್ರೆಯವರು ಓದಿದ್ದು ಫರ್ಗ್ಯುಸನ್ನಿನಲ್ಲಿ. ಬ್ರಿಟಿಷರಂತೂ ಧಾರವಾಡ ಸೀಮೆಯನ್ನೇ ‘ದಕ್ಷಿಣ ಮರಾಠಾ ದೇಶ’ ಎಂದು ಕರೆದು, ಧಾರವಾಡದಲ್ಲಿ ಕಚೇರಿ ಇಟ್ಟ ರೈಲು ಕಂಪನಿಗೆ ‘ಸದರ್ನ್ ಮರಾಠಾ ರೈಲ್ವೆ’ ಎಂದು ಹೆಸರಿಟ್ಟಿದ್ದರು. ಓದಲು ಬಂದವರ ಹಿಂದೆ ಗುಮಾಸ್ತರು, ಹಾಡುಗಾರರು, ಮಿಲಿಟರಿ ಲೆಕ್ಕಪತ್ರದವರು. ಕರಾವಳಿಯಿಂದ ಹೋಟೆಲಿನವರು. 1972ರ ಬರದ ಹೊತ್ತಿಗೆ ಮತ್ತು ಆ ಬಳಿಕ ಕಲಬುರಗಿ, ಯಾದಗಿರಿ, ವಿಜಾಪುರದಿಂದ ಗುಳೆ ಬಂದ ಕೂಲಿಯವರು. ಕೊನೆಗೆ ಸಾಫ್ಟ್‌ವೇರಿನವರು. ಇವರೆಲ್ಲರ ಮಕ್ಕಳು ಈಗ ಒಂದೇ ಬಸ್ ಸ್ಟಾಪಿನಲ್ಲಿ ನಿಂತು ಮರಾಠಿಯಲ್ಲಿ ಮಾತಾಡುತ್ತಾರೆ.

ಊರು ಬಿಟ್ಟವರು ಊಟದಲ್ಲಿ ಊರನ್ನು ಹುಡುಕುವುದು ಲೋಕದಲ್ಲೆಲ್ಲ ಉಂಟು. ಸ್ವಿಟ್ಜರ್ಲೆಂಡಿನವರ ಕಥೆ ಇಲ್ಲಿ ಒಂದು ಅಳತೆಗೋಲಾಗಿ ಒದಗುತ್ತದೆ. 1845ರಲ್ಲಿ ಆ ದೇಶದ ಗ್ಲಾರುಸ್ ಎಂಬ ಬೆಟ್ಟದ ಸೀಮೆಯ ಬಡ ಕುಟುಂಬಗಳು ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿ ನ್ಯೂ ಗ್ಲಾರುಸ್ ಎಂಬ ಊರು ಕಟ್ಟಿಕೊಂಡರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿಗೂ ಅಜ್ಜಂದಿರ ನೆನಪಿಗೆ ಸ್ವಿಸ್ ಊಟ ಮಾಡುತ್ತಾರೆ, 1938ರಿಂದ ಪ್ರತಿವರ್ಷ ವಿಲ್‌ಹೆಲ್ಮ್ ಟೆಲ್ ನಾಟಕ ಆಡುತ್ತಾರೆ. ಅಲ್ಲಿನ ಹೋಟೆಲುಗಳಲ್ಲಿ ಫಾಂಡ್ಯೂ ಸಿಗುತ್ತದೆ, ಎಂದರೆ ಚೀಸನ್ನು ಬಿಳಿ ವೈನಿನಲ್ಲಿ ಕರಗಿಸಿ, ನಡುವೆ ಇಟ್ಟು, ಎಲ್ಲರೂ ಸುತ್ತ ಕುಳಿತು ಬ್ರೆಡ್ಡಿನ ತುಂಡು ಅದ್ದಿ ತಿನ್ನುವ ತಿನಿಸು. ಹೊರಗಿನವರ ಕಣ್ಣಿಗೆ ಸ್ವಿಸ್ ಊಟ ಎಂದರೆ ಅದೇ.

ಆದರೆ ಗ್ಲಾರುಸ್ ಜರ್ಮನ್ ಮಾತಾಡುವ ಪೂರ್ವದ ಸೀಮೆ. ಫಾಂಡ್ಯೂ ಫ್ರೆಂಚ್ ಮಾತಾಡುವ ಪಶ್ಚಿಮದ್ದು. ಗ್ಲಾರುಸಿನವರ ಸ್ವಂತದ್ದು ‘ಶಾಬ್‌ತ್ಸೀಗರ್’ ಎಂಬ, ಸೊಪ್ಪು ಬೆರೆಸಿ ಮಾಡುವ ಹಸಿರು ಬಣ್ಣದ ಗಡಸು ಚೀಸು. ಅದನ್ನು ಹೇಗೆ ಮಾಡಬೇಕೆಂದು 1463ರಲ್ಲೇ ಅಲ್ಲಿನ ಜನಸಭೆ ಕಟ್ಟಳೆ ಮಾಡಿತ್ತು. ಫಾಂಡ್ಯೂ ಇಡೀ ದೇಶದ ತಿನಿಸಾದದ್ದು ಬಹಳ ತಡವಾಗಿ. 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಒಕ್ಕೂಟ ಮಾರಾಟ ಹೆಚ್ಚಿಸಲೆಂದು 1930ರ ದಶಕದಿಂದ ಅದನ್ನು ರಾಷ್ಟ್ರೀಯ ತಿನಿಸೆಂದು ಸಾರುತ್ತ ಬಂತು. ಒಕ್ಕೂಟ 1999ರಲ್ಲಿ ಮುಚ್ಚಿತು, ಫಾಂಡ್ಯೂ ನಿಂತಿತು. 1845ರಲ್ಲಿ ಹಡಗು ಹತ್ತಿದ ಗ್ಲಾರುಸಿನ ಅಜ್ಜ ಫಾಂಡ್ಯೂ ತಟ್ಟೆಯ ಮುಂದೆ ಕೂತಿರುವ ಸಂಭವ ಕಡಿಮೆ. ಹಾಗೆಂದು ಮೊಮ್ಮಗಳ ಭಾವನೆ ಸುಳ್ಳೇ? ಅಷ್ಟು ಬೇಗ ತೀರ್ಪು ಕೊಡುವುದು ಬೇಡ. ವಿಸ್ಕಾನ್ಸಿನ್ನಿನ ಮೊಮ್ಮಗಳಿಗೆ ಒಂದು ಅನುಕೂಲವಂತೂ ಇದೆ: ಆ ಊಟ ನೆರೆಯವರ ಊಟಕ್ಕಿಂತ ಬೇರೆಯಾಗಿ ಕಾಣುತ್ತದೆ. ತಟ್ಟೆ ನೋಡಿದರೆ ಸಾಕು, ಇವರು ಸ್ವಿಸ್ ಮೂಲದವರು ಎಂದು ತಿಳಿಯುತ್ತದೆ.

ಘಟ್ಟ ಇಳಿದು ಬಂದ ಬೆಳಗಾವಿ, ಧಾರವಾಡ ಕಡೆಯ ಮನೆಗಳಿಗೆ ಈ ಅನುಕೂಲ ಇಲ್ಲ. ಅವರ ಹಬ್ಬದ ತಟ್ಟೆಯಲ್ಲಿ ಇರುವುದು ಹೋಳಿಗೆ, ತುಪ್ಪ, ಕಟ್ಟಿನ ಸಾರು, ಕೋಸಂಬರಿ. ಗೋಡೆಯಾಚೆಯ ಮರಾಠಿ ಮನೆಯ ತಟ್ಟೆಯಲ್ಲಿ ಪುರಣಪೋಳಿ, ತೂಪ, ಕಟಾಚಿ ಆಮಟಿ, ಕೋಶಿಂಬೀರ. ಕಡಲೆಬೇಳೆ ಅದೇ, ಬೆಲ್ಲ ಅದೇ, ಏಲಕ್ಕಿ ಜಾಯಿಕಾಯಿ ಅವೇ. ಬೇಳೆ ಬಸಿದ ನೀರಿಗೆ ಹುಣಸೆ, ಮಸಾಲೆ, ಒಗ್ಗರಣೆ ಬೀಳುವ ಕ್ರಮವೂ ಬಹುತೇಕ ಅದೇ. ಫೋಟೋ ತೆಗೆದು ಮುಂದಿಟ್ಟರೆ ಯಾವುದು ಯಾರ ಮನೆಯದು ಎಂದು ಹೇಳಲಾಗದು. ಬಾಯಿ ಬಿಟ್ಟು ಹೆಸರು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಆ ಹೆಸರುಗಳಲ್ಲಿ ದೊಡ್ಡ ಕಥೆಯಿದೆ. ಸಂಸ್ಕೃತದ ‘ಪೂರಣ’ ಎಂದರೆ ತುಂಬುವುದು, ತುಂಬಿದ್ದು. ಮರಾಠಿಯಲ್ಲಿ ಅದು ‘ಪುರಣ’ ಆಯಿತು, ಪಕಾರ ಹಾಗೇ ಉಳಿಯಿತು. ಕನ್ನಡದಲ್ಲಿ ಅದು ‘ಹೂರಣ’. ಹಳಗನ್ನಡದ ಪಾಲ್ ಹಾಲಾಗಿ, ಪೂ ಹೂವಾಗಿ, ಪೆಣ್ ಹೆಣ್ಣಾಗಿ, ಪಲ್ ಹಲ್ಲಾಗಿ ಬದಲಾದ ಕಾಲ ಒಂದಿದೆ. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ತಲೆದೋರಿ ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಕನ್ನಡದ ತುಂಬ ಹರಡಿದ ಬದಲಾವಣೆ ಅದು. ಆ ಬಳಿಕ ಬಂದ ಸಂಸ್ಕೃತ ಪದಗಳು ಸಾಮಾನ್ಯವಾಗಿ ಪಕಾರ ಉಳಿಸಿಕೊಂಡಿವೆ: ಪೂಜೆ, ಪುಸ್ತಕ, ಪೂರ್ಣ. ಪೂರಣ ಮಾತ್ರ ಹೂರಣವಾಗಿದೆ ಎಂದರೆ, ಅದು ಪಂಡಿತರ ಓಲೆಯಿಂದ ಇಳಿದು ಅಡುಗೆಮನೆಯ ಮಾತಾಗಿ ಹಾಲು, ಹೂವುಗಳ ಜೊತೆ ಬೆರೆತು ಬಹಳ ಕಾಲವಾಗಿದೆ ಎಂದು ಅರ್ಥ. ಹೋಳಿಗೆಯ ಹಕಾರವೂ ಅದೇ ಸಾಕ್ಷಿ ಹೇಳುತ್ತದೆ. ತಮಿಳಿನಲ್ಲಿ ಪೋಳಿ, ಮರಾಠಿಯಲ್ಲಿ ಪೋಳಿ, ಸಂಸ್ಕೃತದಲ್ಲಿ ಪೋಲಿಕಾ. ಕನ್ನಡದಲ್ಲಿ ಮಾತ್ರ ತುಟಿ ಕೂಡಿಸದೆ ಉಸಿರು ಬಿಟ್ಟು ಹೇಳುವ ಹೋಳಿಗೆ.

ಹಾಗಾದರೆ ಹೋಳಿಗೆ ಕನ್ನಡದ್ದೇ, ಮರಾಠಿಯವರು ತೆಗೆದುಕೊಂಡರೇ? ಇಲ್ಲೇ ಕೋಡಿಗೆ ಪಂಜು ಕಟ್ಟಿದ ಎತ್ತುಗಳು ಕಾಣಿಸಿಕೊಳ್ಳುವುದು. 1129ರ ಸುಮಾರಿಗೆ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಮಂಡಕ, ಪೋಲಿಕಾಗಳ ಮಾತು ಬರುತ್ತದೆ, ಇಡ್ಲಿ ದೋಸೆಗಳ ಹಿರಿಯರೂ ಬರುತ್ತಾರೆ. ಪುಸ್ತಕ ಸಂಸ್ಕೃತದಲ್ಲಿದೆ. ಅರಮನೆ ಇದ್ದದ್ದು ಇಂದಿನ ಬಸವಕಲ್ಯಾಣದಲ್ಲಿ. ರಾಜ್ಯ ಹರಡಿದ್ದು ಇಂದು ನಾವು ಕರ್ನಾಟಕ ಎನ್ನುವ, ಮಹಾರಾಷ್ಟ್ರ ಎನ್ನುವ ಎರಡೂ ಕಡೆ. ಆ ಅಡುಗೆಮನೆಯನ್ನು ಇಂದಿನ ಗಡಿಗೆ ತಕ್ಕಂತೆ ಭಾಗ ಮಾಡಹೊರಟರೆ ಒಲೆಯನ್ನೇ ಒಡೆಯಬೇಕಾದೀತು. ಕನ್ನಡದಲ್ಲೇ ಅಡುಗೆಯ ಬರಹ ಇರಲಿಲ್ಲವೆಂದಲ್ಲ. 11ನೇ ಶತಮಾನದಲ್ಲಿ ಚಾವುಂಡರಾಯನ ‘ಲೋಕೋಪಕಾರ’ ಅಡುಗೆಗೂ ಜಾಗ ಕೊಟ್ಟಿತು, 16ನೇ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಅದಿರಲಿ, ಮಂಡಕದ ಮೊಮ್ಮಗು ಈಗಲೂ ಬದುಕಿದೆ: ಬೆಳಗಾವಿ ಕಡೆಯ ಮಂಡಿಗೆ, ಮರಾಠಿಯ ಮಾಂಡೆ. ಬೋರಲು ಹಾಕಿದ ಕಡಾಯಿಯ ಮೇಲೆ ಪದರು ಕಾಣುವಷ್ಟು ತೆಳ್ಳಗೆ ಬೇಯಿಸುವ ಆ ತಿನಿಸು ಎರಡೂ ಭಾಷೆಗೆ ಒಂದೇ ಗಾದೆಯನ್ನೂ ಕೊಟ್ಟಿದೆ. ಕನ್ನಡದವರು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾರೆ, ಮರಾಠಿಯವರು ಮನಸ್ಸಿನಲ್ಲೇ ಮಾಂಡೆ ತಿನ್ನುತ್ತಾರೆ. ಹಗಲುಗನಸಿಗೂ ಅದೇ ಹಿಟ್ಟು.

ತೂಪ ಎಂಬ ಮಾತಿನ ಹಿಂದೆ ತುಪ್ಪ ಇರುವುದು ಸ್ಪಷ್ಟ. ಮರಾಠಿಯ ತಾಯಿಬೇರಾದ ಪ್ರಾಕೃತದಲ್ಲೇ ತುಪ್ಪ ಎಂಬ ರೂಪ ಸಿಗುತ್ತದೆ. ಅಂಬಲಿಗೆ ಅಂಬಿಲ, ಚಕ್ಕುಲಿಗೆ ಚಕಲೀ, ಅಡಕೊತ್ತಿಗೆ ಅಡಕಿತ್ತಾ. ಕಟ್ಟು ಎಂಬುದಂತೂ ಪುಣೆಯ ಬೀದಿಬೀದಿಯಲ್ಲಿದೆ: ಕೊಲ್ಹಾಪುರಿ ಮಿಸಳ್ ತಿನ್ನುವವರು ಮೇಲೆ ಇನ್ನಷ್ಟು ‘ಕಟ್’ ಹಾಕಿಸಿಕೊಳ್ಳುತ್ತಾರೆ. ಕೆಲವು ಹೋಟೆಲಿನವರು ಅದನ್ನು ಇಂಗ್ಲಿಷ್ ಮಾತೆಂದು ತಿಳಿದು ಹಲಗೆಯ ಮೇಲೆ ಹಾಗೇ ಬರೆಸಿದ್ದಾರೆ. ಇತ್ತ ಧಾರವಾಡದ ಅಡುಗೆಮನೆಯಲ್ಲಿ ಜುಣಕ, ಉಸಳಿ, ತಾಲಿಪಟ್ಟು, ಆಮಟಿ ಎಂಬ ಮರಾಠಿ ಮಾತುಗಳು ಯಾವ ಸಂಕೋಚವೂ ಇಲ್ಲದೆ ಓಡಾಡುತ್ತವೆ. ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದ ಊರ ಹೆಸರುಗಳ ಅಡಿಯಲ್ಲಿ ಹೂತುಹೋದ ಕನ್ನಡವನ್ನು ಅಗೆದು ತೋರಿಸಿದರು. ಅವರ ಎಲ್ಲ ವ್ಯುತ್ಪತ್ತಿಗಳನ್ನೂ ಇಂದು ಒಪ್ಪಬೇಕಾಗಿಲ್ಲ, ಕೆಲವು ಎಳೆದು ತಂದಂತೆಯೇ ಇವೆ. ಆದರೆ ಮಾತುಗಳು ಬಾಗಿಲು ತಟ್ಟದೆ ಒಳಬರುವ ಮನೆಗಳಿವು ಎಂಬ ಅವರ ಗ್ರಹಿಕೆ ಅಡುಗೆಯ ವಿಷಯದಲ್ಲಿ ಸರಿಯಾಗಿಯೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಹೊರಟ ಮಿಷನ್ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕಿಟೆಲ್ ನಿಘಂಟಿನ ಮುನ್ನುಡಿಯೂ ಇಂಥದೇ ಲೇವಾದೇವಿಯ ಪಟ್ಟಿ ಕೊಟ್ಟಿತ್ತು, ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದಗಳದು. ಸ್ವಿಸ್ಸರು ಕನ್ನಡಕ್ಕೆ ಕೊಟ್ಟ ಊಟ ಯಾವುದೂ ಇಲ್ಲ. ಊಟದ ಹೆಸರುಗಳ ಲೆಕ್ಕಪುಸ್ತಕ ಮಾತ್ರ ಇದೆ.

ತಟ್ಟೆಯಲ್ಲಿ ಕಾಣದ ಬೇರೆತನ ಪಂಚಾಂಗದಲ್ಲಿ ಕಾಣುತ್ತದೆ. ಚೈತ್ರದ ಪಾಡ್ಯ ಕನ್ನಡದವರಿಗೆ ಯುಗಾದಿ, ಮರಾಠಿಯವರಿಗೆ ಗುಡಿ ಪಾಡವಾ. ದಿನ ಒಂದೇ, ಬೇವು ಎರಡೂ ಕಡೆ ಉಂಟು. ಆದರೆ ಪುಣೆಯ ಮನೆಗಳಲ್ಲಿ ಅಂದು ಶ್ರೀಖಂಡ ಪೂರಿಯ ಜೋರು. ಪುರಣಪೋಳಿಗೆ ಅವರಲ್ಲಿ ಮುಖ್ಯ ದಿನ ಹೋಳಿ ಹುಣ್ಣಿಮೆ. ಹೀಗಾಗಿ ಯುಗಾದಿಯ ಬೆಳಗ್ಗೆ ಕಾತ್ರಜದ ಯಾವ ಮನೆಯಿಂದ ಬೇಳೆ ಬೇಯುವ, ಬೆಲ್ಲ ಕರಗುವ ವಾಸನೆ ಬರುತ್ತದೋ ಅದು ಕನ್ನಡದ ಮನೆ ಇರಬಹುದೆಂದು ಊಹಿಸಬಹುದು. ಎತ್ತಿನ ಹಬ್ಬವಂತೂ ಹೆದ್ದಾರಿಯ ಉದ್ದಕ್ಕೂ ತಿಂಗಳು ಬದಲಿಸುತ್ತ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಕಾರ ಹುಣ್ಣಿಮೆ, ಮರಾಠಿ ಕ್ಯಾಲೆಂಡರುಗಳು ಅದನ್ನು ‘ಕರ್ನಾಟಕೀ ಬೇಂದೂರ’ ಎಂದು ಅಚ್ಚು ಹಾಕುತ್ತವೆ. ಕೊಲ್ಹಾಪುರ, ಸಾಂಗಲಿ, ಸಾತಾರಾ ಕಡೆ ಆಷಾಢದಲ್ಲಿ ಅವರದೇ ಬೇಂದೂರ. ಇನ್ನೂ ಉತ್ತರಕ್ಕೆ ಹೋದರೆ ಶ್ರಾವಣದ ಅಮಾವಾಸ್ಯೆಗೆ ಪೋಳಾ, ಪುಣೆಯ ಸುತ್ತಿನ ಕೆಲವು ಕಡೆ ಭಾದ್ರಪದದ ಅಮಾವಾಸ್ಯೆಗೆ. ಪ್ರತಿ ಕಡೆಯೂ ಎತ್ತಿಗೆ ಹೋಳಿಗೆ. ಒಂದೇ ಎತ್ತು ಬೆಳಗಾವಿಯಿಂದ ನಡೆದು ಬಂದರೆ ನಾಲ್ಕು ಸಲ ತಿಂದೀತು.

ಕರಾವಳಿಯವರ ಕಥೆ ಬೇರೆ. ಪುಣೆಯ ವೈಶಾಲಿ, ರೂಪಾಲಿ ಹೋಟೆಲುಗಳ ಹೆಸರು ಕೇಳದವರು ಆ ಊರಲ್ಲಿ ಇಲ್ಲ. ವೈಶಾಲಿಗೆ ಮೊದಲು ‘ಮದ್ರಾಸ್ ಹೆಲ್ತ್ ಹೋಮ್’ ಎಂದು, ರೂಪಾಲಿಗೆ ‘ಕೆಫೆ ಮದ್ರಾಸ್’ ಎಂದು ಹೆಸರಿತ್ತು. ಅವನ್ನು ಬೆಳೆಸಿದ ಜಗನ್ನಾಥ ಶೆಟ್ಟರು, 2023ರ ನವೆಂಬರಿನಲ್ಲಿ ತೀರಿಕೊಂಡವರು, ಕಾರ್ಕಳ ಕಡೆಯವರು. ತುಳುವರ ಹೋಟೆಲಿಗೆ ಮದ್ರಾಸ್ ಎಂಬ ಹೆಸರೇಕೆ ಎಂದು ಇಂದು ನಗು ಬರಬಹುದು, ಉತ್ತರ ಭಾರತದವರ ‘ಎಲ್ಲ ಮದ್ರಾಸಿಗಳೇ’ ಎಂಬ ಅಜ್ಞಾನಕ್ಕೆ ಒಪ್ಪಿಕೊಂಡಂತೆ ಕಾಣಬಹುದು. ಆದರೆ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದ ಜಿಲ್ಲೆಯಾಗಿತ್ತು. ಬೋರ್ಡು ಹೇಳಿದ್ದು ಸರ್ಕಾರಿ ಸತ್ಯವನ್ನೇ.

ಆ ಹೋಟೆಲುಗಳ ಇಡ್ಲಿ ಸಾಂಬಾರು, ಮಸಾಲೆ ದೋಸೆ ಪುಣೆಗೆ ಕನ್ನಡಿಗರ ಊಟವಾಗಿ ಪರಿಚಯವಾಯಿತು. ಕರಾವಳಿ ಕೃಷಿಕರ ಮನೆಯಲ್ಲಿ ದಿನವೂ ಬೇಯುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ. ಜೊತೆಗೆ ಉಪ್ಪಿನಕಾಯಿ, ಚಟ್ನಿ ಅಥವಾ ಒಣಮೀನು. ಮಸಾಲೆ ದೋಸೆ ಹೋಟೆಲಿನ ತಿನಿಸು, ದುಡಿಮೆಯ ತಿನಿಸು. ಫಾಂಡ್ಯೂವಿನ ಹಾಗೆ ಅದೂ ಮಾರುಕಟ್ಟೆಯಿಂದ ಮನೆತನಕ್ಕೆ ಬಂದದ್ದು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ ಮಾಣಿಗಳು ತಾವು ತಿನ್ನಲು ಗಂಜಿ ಬೇಯಿಸಿಕೊಂಡು, ಗಿರಾಕಿಗೆ ದೋಸೆ ಕೊಡುತ್ತಿದ್ದ ಕಾಲ ತುಂಬ ಹಿಂದಿನದಲ್ಲ.

ಈ ಮನೆತನಗಳು ಈಗ ಊರನ್ನು ನೆನೆಯಲು ಆರಿಸಿಕೊಂಡಿರುವ ಊಟ ಅಚ್ಚರಿಯದು. ಮುಂಬಯಿ, ಪುಣೆಗಳ ತುಳು ಕೂಟಗಳೂ ಬಂಟರ ಸಂಘಗಳೂ ವರ್ಷಕ್ಕೊಮ್ಮೆ ‘ಆಟಿಡೊಂಜಿ ದಿನ’ ನಡೆಸುತ್ತವೆ. ಆಟಿ ತುಳುವರ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಾಟಿ ಮುಗಿದಿರುತ್ತದೆ, ಹಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಹೊಸ ಅಕ್ಕಿ ದೂರ. ಮಳೆ ಬಿಡುವುದಿಲ್ಲ, ಕಡಲಿಗೆ ಇಳಿಯಲಾಗದು. ಶುಭಕಾರ್ಯ ಇಲ್ಲ. ಹೊಸ ಮದುಮಗಳು ತವರಿಗೆ ಹೋಗುತ್ತಾಳೆ, ಊರಿನ ಮಾರಿ ಕಳೆಯಲು ಆಟಿ ಕಳೆಂಜ ಮನೆಮನೆಗೆ ಬರುತ್ತಾನೆ. ಹಸಿವಿನ ತಿಂಗಳು ಎಂದರೆ ಸಾಕು. ತಿನ್ನಲು ಸಿಗುತ್ತಿದ್ದುದು ಹಿತ್ತಲಿನ, ಬೇಲಿಯ, ಗುಡ್ಡದ ಬೆಳೆ: ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಸೊಪ್ಪು, ಒಂದೆಲಗದ ಚಟ್ನಿ, ಬೇಸಗೆಯಲ್ಲೇ ಕೂಡಿಟ್ಟ ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಎಳೆ ಬಿದಿರು. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು ಬೆಳ್ಳುಳ್ಳಿ ಹಾಕಿ ಮಾಡಿದ ಕಹಿ ಕಷಾಯ. ಬಳಿಕ ಹೊಟ್ಟೆ ತಂಪಾಗಲು ಮೆಂತೆ ಗಂಜಿ.

ಹಿಂದಿನವರು ಬೇರೇನೂ ಇಲ್ಲದೆ ತಿಂದದ್ದನ್ನು ಇಂದಿನವರು ಸಭಾಭವನ ಬಾಡಿಗೆಗೆ ಹಿಡಿದು, ಸೀರೆ ಉಟ್ಟು, ಸಾಲಾಗಿ ಹರಡಿಟ್ಟು ತಿನ್ನುತ್ತಾರೆ. ಇದನ್ನು ಗೇಲಿ ಮಾಡುವುದು ಸುಲಭ, ಊರಲ್ಲಿ ಉಳಿದ ಕೆಲವು ಹಿರಿಯರು ಮಾಡುವುದೂ ಉಂಟು: ‘ಆಟಿ ಎಂದರೆ ಹಬ್ಬವೇ? ಉಪವಾಸ!’ ಗೇಲಿಯಲ್ಲಿ ನಿಜವಿದೆ. ಆದರೂ ಮದುವೆ ಮನೆಯ ಹೋಳಿಗೆ, ಲಾಡು ಬಿಟ್ಟು ಹಸಿವಿನ ಸೊಪ್ಪನ್ನೇ ಆರಿಸಿಕೊಂಡಿರುವುದರಲ್ಲಿ ಒಂದು ನಿಷ್ಠುರ ನೆನಪಿದೆ. ಅಜ್ಜ ಹದಿಮೂರರ ವಯಸ್ಸಿಗೆ ಬಸ್ಸು ಹತ್ತಿ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದದ್ದು ಏಕೆ ಎಂಬ ಪ್ರಶ್ನೆಗೆ ಆ ತಟ್ಟೆಯೇ ಉತ್ತರ. ಆಟಿಯ ತಿಂಗಳೇ ಎಷ್ಟೋ ಮಕ್ಕಳನ್ನು ಘಟ್ಟ ಹತ್ತಿಸಿದ್ದು.

ನೆರೆಯವರು ಇಲ್ಲೂ ಬಿಡುವುದಿಲ್ಲ ಎಂಬುದು ತಮಾಷೆ. ಪತ್ರೊಡೆಯ ಕೆಸುವಿನ ಎಲೆಗೇ ಅಕ್ಕಿಯ ಬದಲು ಕಡಲೆಹಿಟ್ಟು ಹಚ್ಚಿ ಸುತ್ತಿ ಬೇಯಿಸಿದರೆ ಪುಣೆಯ ಅಳೂವಡಿ. ಪಾಲೆ ಮರವನ್ನು ಮರಾಠಿಯವರು ಸಪ್ತಪರ್ಣಿ ಎಂದು ಕರೆದು ಪುಣೆಯ ರಸ್ತೆಬದಿಗಳಲ್ಲೆಲ್ಲ ನೆಟ್ಟಿದ್ದಾರೆ. ಚಳಿಗಾಲಕ್ಕೆ ಮುನ್ನ ಅದರ ಹೂವಿನ ಘಾಟಿಗೆ ಊರೇ ಸೀನುತ್ತದೆ. ಗುರುತು ತಪ್ಪಿ ಬೇರೆ ಮರದ ತೊಗಟೆ ಕುಡಿದರೆ ಅಪಾಯ, ಹಾಗಾಗಿ ಬಲ್ಲವರಿಲ್ಲದೆ ಅದರ ಸಹವಾಸ ಬೇಡ.

ಕಟ್ಟಡ ಕಟ್ಟಲು ಬಂದವರ ಊಟಕ್ಕೆ ಸಭಾಭವನ ಇಲ್ಲ. ಅವರದು ಜೋಳ. ಕಲಬುರಗಿಯ ಖಡಕ್ ರೊಟ್ಟಿ, ಸೊಲ್ಲಾಪುರದ ಕಡಕ್ ಭಾಕರಿ ಒಂದೇ ಹಂಚಿನವು. ಜೋಳದ ಬೀಜವೂ ಒಂದೇ: 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿ ತಳಿಯನ್ನೇ ಎರಡೂ ರಾಜ್ಯಗಳ ಎರೆಹೊಲಗಳು ಇಂದಿಗೂ ಹಿಂಗಾರಿಗೆ ಬಿತ್ತುತ್ತವೆ. ಈ ಜನಕ್ಕೆ ವರ್ಷದ ದೊಡ್ಡ ಊಟ ಎಂದರೆ ಎಳ್ಳಮಾವಾಸ್ಯೆಯದು. ಜೋಳ ತೆನೆಗಟ್ಟುವ ಹೊತ್ತಿಗೆ, ಮಾರ್ಗಶಿರದ ಕೊನೆಗೆ, ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣುವುದು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ. ಕಾತ್ರಜದ ಕಟ್ಟಡದ ಶೆಡ್ಡಿನಲ್ಲಿ ಪಲ್ಯ ಬೇಯಿಸಬಹುದು, ಹೊಲ ಎಲ್ಲಿಂದ ತರುವುದು? ಅದಕ್ಕೇ ಕೂಲಿ ಬಿಟ್ಟು ಊರಿಗೆ ಹೋಗಿ ಬರುವವರಿದ್ದಾರೆ. ಇದೊಂದು ಊಟ ಮಾತ್ರ ಊರು ಬಿಟ್ಟು ಬರಲು ಒಪ್ಪುವುದಿಲ್ಲ.

ಇದೇ ಹಬ್ಬ ಗಡಿಯಾಚೆಯ ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ರೈತರಿಗೂ ಬಹಳ ದೊಡ್ಡದು. ಪುಸ್ತಕದ ಮರಾಠಿಯಲ್ಲಿ ಅದು ‘ವೇಳ ಅಮಾವಸ್ಯಾ’, ಜನರ ಬಾಯಲ್ಲಿ ‘ಯೇಳವಸ’. ವೇಳ ಎಂದರೆ ಮರಾಠಿಯಲ್ಲಿ ಸಮಯ. ಸಮಯದ ಅಮಾವಾಸ್ಯೆ ಎಂದರೆ ಏನೆಂದು ಆ ಭಾಷೆಯಲ್ಲಿ ಹುಡುಕಿದರೆ ಸಿಗದು. ಅದು ‘ಎಳ್ಳ ಅಮಾವಾಸ್ಯೆ’ಯೇ. ಚರಗ ಚೆಲ್ಲುವಾಗ ಅವರು ಹೊಲದ ಸುತ್ತ ಕೂಗುವ ಕೂಗೂ ಕನ್ನಡದ ರೈತರು ಕೂಗುವುದರ ಸವೆದ ರೂಪ. ಕೂಗುವವರಿಗೆ ಅದರ ಅರ್ಥ ತಿಳಿಯದು, ಅರ್ಥ ಬೇಕಾಗಿಯೂ ಇಲ್ಲ. ಮನೆಮಾತಾಗಿ ಕನ್ನಡ ಎಂದೋ ಹೋದ ಕಡೆಯೂ ಹಬ್ಬದ ಊಟದ ಹೆಸರಲ್ಲಿ ಕನ್ನಡ ಕೂತಿದೆ.

ಕಾತ್ರಜದ ಮನೆಗಳಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು. ಮನೆಯಲ್ಲಿ ಕನ್ನಡ ಇನ್ನೂ ಇದೆ, ಊಟದ ಹೆಸರುಗಳು ಮೊದಲು ಹೊರಡುತ್ತಿವೆ. ಪುಣೆಯಲ್ಲಿ ಕನ್ನಡ ಸಂಘದ ಶಾಲೆಗಳಿವೆ, ಆದರೆ ಅಲ್ಲೂ ಮಕ್ಕಳು ಕಲಿಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ, ನೆಲದ ಭಾಷೆಯಾಗಿ ಅದು ನ್ಯಾಯವೂ ಹೌದು. ಮಗು ಡಬ್ಬಿ ಬಿಚ್ಚಿದಾಗ ಪಕ್ಕದ ಮಗು ಕೇಳುತ್ತದೆ, ಇದು ಪುರಣಪೋಳಿಯಲ್ಲವೇ ಎಂದು. ಹೌದು ಎನ್ನುವುದೇ ಸುಲಭ. ತಿನಿಸು ಬೇರೆಯಾಗಿದ್ದರೆ ಹೆಸರು ಹೇಳಿ ವಿವರಿಸಬೇಕಾಗುತ್ತಿತ್ತು. ಪತ್ರೊಡೆ ತಂದ ಮಗು ಹಾಗೆ ವಿವರಿಸುತ್ತದೆ, ವಿವರಿಸಿ ವಿವರಿಸಿ ಆ ಹೆಸರನ್ನು ಉಳಿಸಿಕೊಳ್ಳುತ್ತದೆ. ಹೋಳಿಗೆಗೆ ವಿವರಣೆ ಬೇಡ, ಅನುವಾದ ಸಿದ್ಧವಾಗಿಯೇ ಇದೆ.

ನಂಟಿನ ಮಾತುಗಳೂ ಇದೇ ದಾರಿಯಲ್ಲಿವೆ. ಧಾರವಾಡ ಸೀಮೆಯ ಅನೇಕ ಮನೆಗಳಲ್ಲಿ ಅಜ್ಜಿಯನ್ನು ‘ಆಯಿ’ ಎನ್ನುತ್ತಾರೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ಅಜ್ಜಿಗೆ ಆಜೀ. ಶಾಲೆಗೆ ಹೋಗಲು ಶುರುವಾದ ಮೇಲೆ ಮಗು ತಾಯಿಯನ್ನು ಆಯಿ ಎಂದು, ಅಜ್ಜಿಯನ್ನು ಆಜೀ ಎಂದು ಕರೆಯತೊಡಗಿದರೆ ಮುದುಕಿಗೆ ತನ್ನ ಹೆಸರು ಸೊಸೆಗೆ ಹೋದ ಹಾಗೆ ಆಗುತ್ತದೆ. ನಗುತ್ತಾಳೆ, ತುಸು ಮುನಿಯುತ್ತಾಳೆ.

ಹೋಳಿಗೆಯ ದಿನ ಅವಳು ಬೇಳೆ ಬಸಿಯುತ್ತ ‘ಹೂರಣ ರುಬ್ಬಿದ್ದಾಯ್ತೇನ?’ ಎಂದು ಒಳಗಿನಿಂದ ಕೇಳುತ್ತಾಳೆ. ಮೊಮ್ಮಗಳು ಬೆರಳು ಚೀಪುತ್ತ ‘ಪುರಣ ಆತು, ಆಯಿ’ ಎನ್ನುತ್ತಾಳೆ. ವಾಕ್ಯ ಕನ್ನಡದ್ದೇ. ಹಕಾರ ಮಾತ್ರ ಸುಮಾರು ಏಳು ನೂರು ವರ್ಷ ಹಿಂದಕ್ಕೆ ಹೋಗಿ ಮತ್ತೆ ಪಕಾರವಾಗಿ ಬಂದಿದೆ. ಮುದುಕಿ ತಿದ್ದುವುದೂ ಉಂಟು, ಬಿಡುವುದೂ ಉಂಟು. ಅಷ್ಟು ಹೊತ್ತಿಗೆ ಹಂಚು ಕಾದಿರುತ್ತದೆ, ಕಣಕ ಒಣಗುತ್ತಿರುತ್ತದೆ. ಸಾಯಂಕಾಲ ಮೊಮ್ಮಗಳು ನಾಲ್ಕು ಹೋಳಿಗೆಯನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಎದುರು ಮನೆಗೆ ಕೊಟ್ಟು ಬರುತ್ತಾಳೆ. ಡಬ್ಬಿ ಬರಿದು ಹಿಂದಿರುಗುವ ಪದ್ಧತಿ ಎರಡೂ ಮನೆಯಲ್ಲಿ ಇಲ್ಲ, ಅದರಲ್ಲಿ ಕಾತ್ರಜ ಡೇರಿಯ ಶ್ರೀಖಂಡ ಬಂದಿರುತ್ತದೆ.